ಕೊಡಗಿನ ಅಡುಗೆಮನೆಯ ಹಳೇ ಕಪಾಟು: ಮೊದಲು ತೇವ, ಆಮೇಲೆ ಬಣ್ಣ

ಹಳೇ ಕಪಾಟು ಹೊಸದು ಮಾಡೋಣ ಅಂದ ತಕ್ಷಣ ಎಲ್ಲರ ಮನಸ್ಸೂ ಬಣ್ಣದ ಕಡೆಗೇ ಓಡುತ್ತದೆ. ಬಿಳಿ ಹಚ್ಚೋಣವಾ, ಮರದ ಬಣ್ಣವೇ ಇರಲಾ, ಹಿಡಿ ಯಾವ ತರದ್ದು ತರೋಣ? ಬಯಲುಸೀಮೆಯಲ್ಲಿ ಈ ಕ್ರಮ ನಡೆದೀತು. ಕೊಡಗಿನಲ್ಲಿ ನಡೆಯುವುದಿಲ್ಲ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಚಪ್ಪಲಿ, ಉಪ್ಪಿನ ಡಬ್ಬಿ ಎಲ್ಲವೂ ತೇವ ಎಳೆದುಕೊಳ್ಳುತ್ತವೆ. ಕಪಾಟು ಬಿಟ್ಟೀತೇ? ಎದುರಿಗೆ ಎಷ್ಟೇ ಚೆಂದ ಬಣ್ಣ ಹಚ್ಚಿ, ಹಿಂಭಾಗಕ್ಕೆ ಗಾಳಿ ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಬಣ್ಣ ಉಬ್ಬಿ ಏಳುತ್ತದೆ.

ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ಬೇರೆ. ಮೊದಲು ತೇವ, ಆಮೇಲೆ ಹುಳ, ಆಮೇಲೆ ಬಾಗಿಲು ಮತ್ತು ಡ್ರಾಯರ್. ಬಣ್ಣ ಕಟ್ಟಕಡೆಗೆ.

ಯಾವಾಗ ಕೈ ಹಾಕುವುದು

ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ತೋಟ ಇರುವವರಿಗೆ ಇದೇ ಕೈ ಬಿಡುವಿಲ್ಲದ ಹೊತ್ತು ಕೂಡ. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೊಬಸ್ಟಾ ಕುಯ್ಲು ಶುರುವಾಗುತ್ತದೆ. ಅಂಥವರು ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಕೈ ಹಾಕಿದರೆ ಸಾಕು. ನಡುವೆ ಹೂಮಳೆ ಬಂದು ಒಂದೆರಡು ದಿನ ಕೆಲಸ ನಿಲ್ಲಬಹುದು. ಕಾಫಿಗೆ ಬೇಕಾದ ಮಳೆ ಅದು, ಬೈಯುವ ಹಾಗಿಲ್ಲ. ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿಯವರು ಇನ್ನೂ ಮುಂಚೆ ಶುರು ಮಾಡಬಹುದು.

ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಮನೆಯೊಳಗೇ ಕೂತಿರುತ್ತೇವಲ್ಲ, ಆಗಲೇ ಮಾಡಿ ಮುಗಿಸೋಣ ಅಂತ ಅನ್ನಿಸುತ್ತದೆ. ಬೇಡ. ಮರ ಆಗ ಉಬ್ಬಿರುತ್ತದೆ, ತೆಗೆದ ಅಳತೆ ಬೇಸಿಗೆಗೆ ಸುಳ್ಳಾಗುತ್ತದೆ. ಥಿನ್ನರ್ ಬೆರೆಸಿ ಹಚ್ಚುವ ಲ್ಯಾಕರ್, ಮೆಲಮೈನ್ ಪಾಲಿಶ್‌ಗಳಿಗಂತೂ ಆ ಹವೆ ಆಗುವುದೇ ಇಲ್ಲ. ಥಿನ್ನರ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ, ಪಾಲಿಶ್ ಮೇಲೆ ಬಿಳಿ ಮಬ್ಬು ಕವಿಯುತ್ತದೆ.

ಒಟ್ಟಿಗೇ ಎಲ್ಲ ಕಪಾಟು ಬಿಚ್ಚಬೇಡಿ. ಸಿಂಕ್ ಕೆಳಗಿನದರಿಂದ ಶುರು ಮಾಡಿ. ಹಾಳಾಗಿರುವುದು ಅಲ್ಲೇ ಜಾಸ್ತಿ, ಮನೆಯವರ ಅಡುಗೆಯೂ ನಿಲ್ಲುವುದಿಲ್ಲ.

ಉಳಿಸಿಕೊಳ್ಳುವುದು ಯಾವುದು, ಬಿಸಾಡುವುದು ಯಾವುದು

ಒಂದು ಬಾಗಿಲು ಬಿಚ್ಚಿ ಅದರ ಅಂಚು ನೋಡಿ. ಉದ್ದಕ್ಕೂ ಒಂದೇ ಎಳೆ ಓಡುತ್ತಿದ್ದರೆ ಗಟ್ಟಿ ಮರ. ಪದರ ಪದರ ಕಂಡರೆ ಪ್ಲೈವುಡ್. ಮರದ ಚೂರು, ಪುಡಿ ಒತ್ತಿ ಮಾಡಿದ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್.

ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿತು ಅಂದರೆ ಅದರ ಕಥೆ ಮುಗಿಯಿತು. ಒಣಗಿಸಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. 2018, 2019ರ ಪ್ರವಾಹದಲ್ಲಿ ನೆನೆದ ಅಂಥ ಕಪಾಟು ಇನ್ನೂ ಮನೆಯಲ್ಲಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಪ್ಲೈವುಡ್‌ನಲ್ಲಿ ಪದರ ಬಿಟ್ಟಿರುವುದು ಅಂಚಿನಲ್ಲಿ ಮಾತ್ರವಾದರೆ ಅಂಟು ಹಾಕಿ ಉಳಿಸಬಹುದು. ನಡುವೆಯೂ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಹಲಗೆ ಬದಲಿಸಿ.

ಗಟ್ಟಿ ಮರದ್ದಾದರೆ ಕಪ್ಪಾಗಿದೆ, ಹಳತಾಗಿದೆ ಅಂತ ಎಸೆಯುವ ಮೊದಲು ಹತ್ತು ಸಲ ಯೋಚಿಸಿ. ನಮ್ಮ ಹಳೇ ಮನೆಗಳಲ್ಲಿ ಬೀಟೆ, ತೇಗ, ಹೊನ್ನೆ, ಹಲಸಿನ ಕಪಾಟುಗಳು ಇನ್ನೂ ಇವೆ. ಹೊಗೆ, ಎಣ್ಣೆಜಿಡ್ಡು, ಮೂರ್ನಾಲ್ಕು ಸುತ್ತು ಎನಾಮೆಲ್ ಪೇಂಟ್ ಅಡಿಯಲ್ಲಿ ಯಾವ ಮರ ಇದೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ಬಾಗಿಲಿನ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಸ್ವಲ್ಪ ಬಣ್ಣ ತೆಗೆದು ನೋಡಿ. ಇಂಥ ಮರದ ಮೇಲೆ ಸನ್‌ಮೈಕಾ ಅಂಟಿಸುವುದು ನನಗಂತೂ ಒಪ್ಪಿಗೆಯಿಲ್ಲ. ಚೆಂದದ ಪ್ರಶ್ನೆ ಹಾಗಿರಲಿ, ಗಟ್ಟಿ ಮರ ಮಳೆಗಾಲಕ್ಕೆ ಅಡ್ಡಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಮೈಕಾ ಅದರ ಜೊತೆ ಹೋಗುವುದಿಲ್ಲ. ಒಂದು ದಿನ ಅಂಚು ಎದ್ದೇ ಏಳುತ್ತದೆ.

ಬಿಚ್ಚುವುದು, ತೊಳೆಯುವುದು

ಮೊದಲು ಫೋನಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಬಾಗಿಲು, ಅದರ ಚೌಕಟ್ಟು ಎರಡಕ್ಕೂ ಒಂದೇ ನಂಬರ್ ಬರೆದ ಟೇಪ್ ಅಂಟಿಸಿ. ಹಳೇ ಕೈಕೆಲಸದ ಕಪಾಟಿನಲ್ಲಿ ಎರಡು ಬಾಗಿಲು ಒಂದೇ ಅಳತೆಯಲ್ಲಿರುವುದಿಲ್ಲ. ಸ್ಕ್ರೂಗಳನ್ನು ಆಯಾ ಬಾಗಿಲಿನ ಹೆಸರಲ್ಲೇ ಡಬ್ಬಿಯಲ್ಲಿಡಿ. ತುಕ್ಕು ಹಿಡಿದು ತಿರುಗದ ಸ್ಕ್ರೂಗೆ ಒಂದು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬಲ ಹಾಕಿದರೆ ತಲೆ ಸವೆದು ಹೋಗುತ್ತದೆ.

ಜಿಡ್ಡು ತೆಗೆಯದೆ ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಉಜ್ಜಿದಷ್ಟೂ ಜಿಡ್ಡು ಮರದೊಳಗೆ ಇಳಿಯುತ್ತದೆ, ಆಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಪ್ಲೈವುಡ್, ಮೈಕಾ, ಪೇಂಟ್ ಬಳಿದ ಬಾಗಿಲಿಗೆ ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ. ತೇಗ, ಹೊನ್ನೆಯಂಥ ಒಗರು ಇರುವ ಮರ ಬರಿಮೈಯಲ್ಲಿದ್ದರೆ ಸೋಡಾ ತಾಗಿ ಕಪ್ಪಾಗುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು, ಉಳಿದ ಜಿಡ್ಡಿಗೆ ಟರ್ಪೆಂಟೈನ್. ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಕೂತು ಗೋಂದಿನ ಹಾಗಾಗಿದ್ದರೂ ಟರ್ಪೆಂಟೈನ್ ಬಟ್ಟೆಗೆ ಮೆತ್ತಗಾಗುತ್ತದೆ. ಈ ಕೆಲಸ ಅಡುಗೆಮನೆಯೊಳಗೆ ಬೇಡ. ಒಲೆ, ಗ್ಯಾಸ್ ಎರಡರಿಂದಲೂ ದೂರ, ಹೊರಗೆ ಜಗಲಿಯಲ್ಲಿ ಮಾಡಿ.

ಬೂಷ್ಟು ಬಂದ ಕಡೆ ಬಿಳಿ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ. ಬ್ಲೀಚಿಂಗ್ ನೀರು ಬಳಸುವವರಿದ್ದಾರೆ. ಬಳಸಿದರೆ ಅದೊಂದನ್ನೇ ಬಳಸಿ. ವಿನೆಗರ್ ಜೊತೆಯಲ್ಲಿ ಬ್ಲೀಚ್ ಸೇರಿದರೆ ವಿಷಗಾಳಿ ಏಳುತ್ತದೆ. ಕಬ್ಬಿಣದ ಮೊಳೆ ಸುತ್ತ ಕಾಣುವ ಕಪ್ಪು ಕಲೆ ಬೂಷ್ಟಲ್ಲ. ಮರದ ಒಗರಿಗೆ ಕಬ್ಬಿಣ ಸೇರಿ ಆದದ್ದು. ಕಾಚಂಪುಳಿ ಬಾಟಲಿ ಸೋರಿದ ಜಾಗದಲ್ಲಿ ಹುಳಿ ಹೋಗಿ ಮೊಳೆ ಮುಟ್ಟಿದರಂತೂ ಈ ಕಲೆ ಬೇಗ ಬರುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿದರೆ ಹೋಗುತ್ತದೆ. ಅದು ವಿಷ. ಗ್ಲೌಸ್ ಹಾಕಿ, ಮಕ್ಕಳನ್ನು ದೂರ ಇಡಿ, ಕಡೆಗೆ ಚೆನ್ನಾಗಿ ತೊಳೆಯಿರಿ.

ತೊಳೆದ ಬಾಗಿಲುಗಳನ್ನು ಕಾಫಿ ಕಣದಲ್ಲಿ ಬಿಸಿಲಿಗೆ ಮಲಗಿಸಿದರೆ ಬೇಗ ಒಣಗುತ್ತವೆ, ಆದರೆ ಡೊಂಕಾಗುತ್ತವೆ. ಒಂದು ಮುಖ ಒಣಗಿ ಇನ್ನೊಂದು ಹಸಿಯಾಗಿಯೇ ಉಳಿಯುತ್ತದಲ್ಲ, ಅದಕ್ಕೆ. ನೆರಳಿನಲ್ಲಿ, ಅಂಚಿನ ಮೇಲೆ ನಿಲ್ಲಿಸಿ, ನಡುವೆ ರೀಪರ್ ತುಂಡು ಕೊಟ್ಟು, ಎರಡೂ ಕಡೆ ಗಾಳಿಯಾಡುವಂತೆ ಇಡಿ. ವಾರ ಹತ್ತು ದಿನ ಬಿಡಿ.

ಹಿಂಭಾಗ ಮತ್ತು ಬುಡ

ಇಡೀ ಕೆಲಸದ ಜೀವ ಇಲ್ಲಿದೆ. ಕಪಾಟು ಖಾಲಿಯಾಗಿರುವಾಗ ಒಳಗೆ ಟಾರ್ಚ್ ಬಿಟ್ಟು ನೋಡಿ. ತೇವ ಬರುವ ದಾರಿ ಸಾಮಾನ್ಯವಾಗಿ ಮೂರು: ಮಳೆ ಹೊಡೆಯುವ ಹೊರಗೋಡೆ, ನೆಲ, ಸಿಂಕಿನ ಪೈಪು. ಪೈಪಿನ ಸುತ್ತ ಒಣ ಕಾಗದ ಸುತ್ತಿ, ನೀರು ಬಿಟ್ಟು, ಬೆಳಿಗ್ಗೆ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಗೋಡೆಗೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆಯ ಮುಖದಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಅದಕ್ಕೆ ಹೊರಗಿನಿಂದಲೇ ಮದ್ದು ಆಗಬೇಕು: ಬಿರುಕು ಮುಚ್ಚುವುದು, ಸೂರಿನ ನೀರು ಗೋಡೆಗೆ ಹೊಡೆಯದ ಹಾಗೆ ಮಾಡುವುದು. ಒಳಗೆ ಎಷ್ಟು ಪುಟ್ಟಿ ಬಳಿದರೂ ಉದುರುತ್ತದೆ.

ಬಿಡಿಯಾಗಿ ನಿಂತ ಕಪಾಟಾದರೆ ಗೋಡೆಯಿಂದ ಒಂದಿಂಚು ಮುಂದಕ್ಕೆ ತನ್ನಿ. ಹಿಂದಿನ ಹಲಗೆಯಲ್ಲಿ ಮೇಲೆ ಎರಡು, ಕೆಳಗೆ ಎರಡು, ರೂಪಾಯಿಗಿಂತ ಸ್ವಲ್ಪ ದೊಡ್ಡ ತೂತು ಕೊರೆದು ಸ್ಟೀಲ್ ಜಾಲರಿ ಹೊಡೆಯಿರಿ. ಗಾಳಿ ಕೆಳಗಿಂದ ಹೋಗಿ ಮೇಲಿಂದ ಬರುತ್ತದೆ, ಜಿರಲೆ ಬರುವುದಿಲ್ಲ. ನೆಲಕ್ಕೆ ತಾಗಿರುವ ಮರದ ಕಾಲಿದ್ದರೆ ಅದರ ಕೆಳಗೆ ಗ್ರಾನೈಟ್ ತುಂಡು ಕೊಡಿ, ಇಲ್ಲವೇ ನಾಲ್ಕಿಂಚಿನ ಪಿವಿಸಿ ಕಾಲು ಹಾಕಿ.

ಎಷ್ಟೋ ಮನೆಗಳಲ್ಲಿ ಕಪಾಟು ಅಂದರೆ ಸಿಮೆಂಟ್ ಕಟ್ಟೆ, ಕಡಪ ಕಲ್ಲಿನ ಶೆಲ್ಫ್, ಮುಂದೆ ಮರದ ಚೌಕಟ್ಟು, ಬಾಗಿಲು ಅಷ್ಟೇ. ಅಲ್ಲಿ ಕೊಳೆಯುವುದು ಚೌಕಟ್ಟಿನ ಕೆಳಪಟ್ಟಿ. ಸಿಮೆಂಟಿಗೆ ಅಂಟಿಕೊಂಡಿದ್ದು ಅದು ನೀರು ಕುಡಿಯುತ್ತಲೇ ಇರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಅಷ್ಟು ಭಾಗ ಕತ್ತರಿಸಿ ಹೊಸ ತುಂಡು ಕೂರಿಸಿ. ಕೂರಿಸುವ ಮೊದಲು ಸಿಮೆಂಟ್ ಕಡೆಯ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ತುದಿಗೆ, ಬಿಟುಮೆನ್ ಪೇಂಟ್ ಎರಡು ಕೈ ಹಚ್ಚಿ. ಮರ ನೀರು ಎಳೆಯುವುದು ಮೈಯಿಂದ ಕಮ್ಮಿ, ತುದಿಯಿಂದಲೇ ಜಾಸ್ತಿ.

ಹೊಸ ಪ್ಲೈವುಡ್ ಬೇಕಾದರೆ ಸಿಂಕ್ ಕೆಳಗೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ಮಾತ್ರ ಹಾಕಿ. ಮುದ್ರೆ ಹಲಗೆಯ ಮೇಲೇ ಇರುತ್ತದೆ, ಬರೀ ಬಾಯಿಮಾತಿನ 'ವಾಟರ್‌ಪ್ರೂಫ್' ನಂಬಬೇಡಿ. ಕತ್ತರಿಸಿದ ಅಂಚುಗಳನ್ನು ಬಿಟ್ಟರೆ ಮರೀನ್ ಪ್ಲೈ ಕೂಡ ಹಾಳಾಗುತ್ತದೆ. ಅಂಚಿಗೆ ಪ್ರೈಮರ್ ಅಥವಾ ಎಡ್ಜ್ ಬ್ಯಾಂಡ್, ಅಂದರೆ ಅಂಚಿಗೆ ಅಂಟಿಸುವ ಪಟ್ಟಿ, ಬೇಕೇ ಬೇಕು.

ಕುಟ್ಟೆ ಮತ್ತು ಗೆದ್ದಲು

ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ನುಣ್ಣನೆ ಪುಡಿ ಇದ್ದರೆ ಕುಟ್ಟೆ. ಪುಡಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ, ಒಂದು ವಾರ ಬಿಟ್ಟು ನೋಡಿ. ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಜೀವಂತ. ಅದಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗ, ಕೆಚ್ಚಿಗೆ ಅದು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಸಿಲ್ವರ್ ಓಕ್ ಕಪಾಟು ಇದ್ದವರು ಇದನ್ನು ಜಾಸ್ತಿ ಗಮನಿಸಿ.

ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, ಅಂದರೆ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಹಾಕಿ ಕರಗಿಸಿ. ಹಳೇ ಬಣ್ಣ ತೆಗೆದ ಬರಿಮರಕ್ಕೆ ಬ್ರಷ್‌ನಲ್ಲಿ ಎರಡು ಮೂರು ಸಲ ಕುಡಿಸಿ, ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡಿ. ಬಣ್ಣದ ಮೇಲೆ ಹಚ್ಚಿದರೆ ಸುಮ್ನೆ ದಂಡ, ಒಳಗೆ ಇಳಿಯುವುದೇ ಇಲ್ಲ. ಒಣಗಿದ ಮೇಲೆ ಪಾಲಿಶ್ ಅಥವಾ ಪೇಂಟ್ ಆಗಲೇಬೇಕು, ಇಲ್ಲದಿದ್ದರೆ ನೀರು ತಾಗಿ ಔಷಧಿ ತೊಳೆದು ಹೋಗುತ್ತದೆ, ಅಕ್ಕಿ ಬೇಳೆಗೂ ತಾಗುತ್ತದೆ. ಸೀಮೆಎಣ್ಣೆ ಬಿಡುವ ಹಳೇ ರೂಢಿಯನ್ನು ಒಲೆಯ ಪಕ್ಕದ ಕಪಾಟಿಗೆ ಮಾತ್ರ ತರಬೇಡಿ.

ಮಣ್ಣಿನ ಕೊಳವೆ ಕಂಡರೆ ಅದು ಗೆದ್ದಲು. ಕಪಾಟಿಗೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಅದರ ಗೂಡು ನೆಲದಲ್ಲಿದೆ. ಗೆದ್ದಲು ಕೆಲಸದವರನ್ನು ಕರೆಸಿ ನೆಲ, ಗೋಡೆಯ ಬುಡಕ್ಕೆ ಔಷಧಿ ಹಾಕಿಸಿದ ಮೇಲೆಯೇ ಮುಂದಿನ ಕೆಲಸ.

ಬಾಗಿಲು, ಹಿಂಜ್, ಡ್ರಾಯರ್

ಜೋತುಬಿದ್ದ ಬಾಗಿಲಿಗೆ ಹೆಚ್ಚಿನ ಸಲ ಹೊಸ ಹಿಂಜ್ ಬೇಕಿಲ್ಲ. ಸ್ಕ್ರೂ ತೂತು ಸಡಿಲವಾಗಿರುತ್ತದೆ ಅಷ್ಟೇ. ಬಿದಿರಿನ ಕಡ್ಡಿಯನ್ನು ನೀರಿಗೆ ತಡೆಯುವ ಅಂಟಿನಲ್ಲಿ, ಫೆವಿಕಾಲ್ ಮರೀನ್ ಅಂಥದ್ದರಲ್ಲಿ, ಅದ್ದಿ ತೂತಿಗೆ ಬಿಗಿಯಾಗಿ ಹೊಡೆಯಿರಿ. ಒಂದು ದಿನ ಬಿಟ್ಟು, ಮಟ್ಟವಾಗಿ ಕತ್ತರಿಸಿ, ಸಣ್ಣ ತೂತು ಕೊರೆದು ಅದೇ ಸ್ಕ್ರೂ ಹಾಕಿ. ಹೊಸದು ಹಾಕುವುದಾದರೆ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕೇಳಿ. ಸಾಮಾನ್ಯ ಸ್ಕ್ರೂ ನಮ್ಮ ಮಳೆಗೆ ಬೇಗ ತುಕ್ಕು ಹಿಡಿದು ಮರಕ್ಕೂ ಕಲೆ ಮಾಡುತ್ತದೆ.

ತಾನಾಗಿ ಮೆಲ್ಲಗೆ ಮುಚ್ಚುವ ಹಿಂಜ್ ಈಗ ಎಲ್ಲರಿಗೂ ಬೇಕು. ಹಾಕಬಹುದು, ಆದರೆ ಮೊದಲು ಬಾಗಿಲು ಅಳೆಯಿರಿ. ಅದಕ್ಕೆ 35 ಮಿಲಿಮೀಟರ್ ಅಗಲದ ಗುಂಡಿ ತೋಡಬೇಕು, ಆಳ ಸುಮಾರು 12 ಮಿಲಿಮೀಟರ್. ಬಾಗಿಲು 16 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಗುಂಡಿ ಆಚೆ ಕಡೆ ಬಂದುಬಿಡುವ ಅಪಾಯ ಇದೆ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವಂತಿದ್ದರೆ ಅಂಗಡಿಯಲ್ಲಿ ಝೀರೋ ಕ್ರ್ಯಾಂಕ್, ಅಂದರೆ ತೋಳು ಬಾಗದ ಹಿಂಜ್, ಕೇಳಿ. ಅರ್ಧ ಮುಚ್ಚುವುದಾದರೆ 8, ಒಳಗೆ ಕೂರುವುದಾದರೆ 16. ಚೌಕಟ್ಟಿನೊಳಗೆ ಕೂರುವ ಹಳೇ ಮರದ ಬಾಗಿಲಿಗೆ ಇದೆಲ್ಲ ಹೊಂದಿಸುವ ಬದಲು ಒಳ್ಳೆಯ ಹಿತ್ತಾಳೆ ಹಿಂಜೇ ವಾಸಿ ಅನ್ನುವುದು ನನ್ನ ಲೆಕ್ಕ. ನೋಡಲಿಕ್ಕೂ ಹೊಂದುತ್ತದೆ, ತುಕ್ಕೂ ಹಿಡಿಯುವುದಿಲ್ಲ.

ಡ್ರಾಯರ್ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಜಾರುವ ಪಟ್ಟಿಗೆ ಜೇನುಮೇಣ ಉಜ್ಜಿ. ನಮ್ಮಲ್ಲಿ ಜೇನುಮೇಣಕ್ಕೇನು ಬರ? ಎಣ್ಣೆ ಹಾಕಬೇಡಿ, ಮರ ಅದನ್ನು ಕುಡಿದು ಧೂಳು ಹಿಡಿಯುತ್ತದೆ. ಬಾಲ್ ಬೇರಿಂಗ್ ಚಾನಲ್ ಹಾಕುವುದಾದರೆ ಪ್ರತಿ ಪಕ್ಕಕ್ಕೆ ಸುಮಾರು 13 ಮಿಲಿಮೀಟರ್ ಜಾಗ ಬೇಕು. ಅಂದರೆ ಡ್ರಾಯರ್ ಪೆಟ್ಟಿಗೆ ಬಾಯಿಗಿಂತ ಒಂದಿಂಚು ಕಿರಿದಾಗಿರಬೇಕು. ಹಳೇ ಡ್ರಾಯರ್‌ನಲ್ಲಿ ಅಷ್ಟು ಜಾಗ ಇರುವುದಿಲ್ಲ, ಪಕ್ಕದ ಹಲಗೆ ಬಿಚ್ಚಿ ಕಿರಿದು ಮಾಡಿಸಬೇಕು. ಆ ಕೆಲಸ ಆಚಾರಿಯವರಿಗೇ ಬಿಡಿ.

ಇನ್ನು ಒಂದು ಬದಲಾವಣೆ ಮಾತ್ರ ಮಾಡಲು ದುಡ್ಡಿದೆ ಅಂದರೆ ಜಾಲರಿ ಬಾಗಿಲು ಮಾಡಿ. ಬಾಗಿಲಿನ ನಡುವಿನ ಹಲಗೆ ತೆಗೆದು, ಚೌಕಟ್ಟು ಉಳಿಸಿಕೊಂಡು, ಒಳಗಿನಿಂದ ಸ್ಟೇನ್‌ಲೆಸ್ ಜಾಲರಿ ಇಟ್ಟು ತೆಳು ಪಟ್ಟಿ ಹೊಡೆದರೆ ಆಯಿತು. ಹಿಂದಿನವರು ತಿಂಡಿ ಇಡುತ್ತಿದ್ದ ಜಾಲರಿ ಬೀರು ನೆನಪಿದೆಯಲ್ಲ, ಅದೇ ಉಪಾಯ. ಮಳೆಗಾಲದಲ್ಲಿ ಪಾತ್ರೆ, ಈರುಳ್ಳಿ, ಸೌಟು ಇಡುವ ಕಪಾಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸಕ್ಕರೆ, ಹಪ್ಪಳ, ಕಾಫಿಪುಡಿಗೆ ಮಾತ್ರ ಗಟ್ಟಿ ಬಾಗಿಲು, ಬಿಗಿ ಡಬ್ಬಿ ಎರಡೂ ಇರಲಿ. ತೇವ ಹೋಗಲಿ ಅಂತ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುವ ಹಾಗೆ ಅಡುಗೆಮನೆ ಕಪಾಟಿನಲ್ಲಿ ಉರಿಸಬೇಡಿ. ಒಳಗೆ ಎಣ್ಣೆ, ಕಾಗದ, ಪ್ಲಾಸ್ಟಿಕ್ ಎಲ್ಲ ಇರುತ್ತದೆ.

ಉಜ್ಜುವುದು

ಹಳೇ ಪೇಂಟ್ ಇದ್ದರೆ ಒಂದು ಎಚ್ಚರ. ನಮ್ಮ ದೇಶದಲ್ಲಿ ಮನೆ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಎನಾಮೆಲ್‌ನಲ್ಲಿ ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದಾಗ ಉಜ್ಜಬೇಡಿ, ಮೆಷಿನ್ ಹಾಕಬೇಡಿ, ಬೆಂಕಿ ತೋರಿಸಿ ಸುಡಬೇಡಿ. ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ, ಉಳಿದದ್ದನ್ನು ನೀರು ಚಿಮುಕಿಸಿ ವಾಟರ್‌ಪೇಪರ್‌ನಲ್ಲಿ ಉಜ್ಜಿ. ಎನ್95 ಮಾಸ್ಕ್ ಇರಲಿ. ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ಎತ್ತಿ. ಕಾಫಿ, ಕರಿಮೆಣಸು ಹರಡಿದ ಕಣದ ಹತ್ತಿರ ಈ ಕೆಲಸ ಬೇಡವೇ ಬೇಡ.

ಬರಿಮರಕ್ಕೆ 80 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 120, ಕೊನೆಗೆ 180 ಅಥವಾ 220. ಯಾವಾಗಲೂ ಎಳೆಯ ಉದ್ದಕ್ಕೆ.

ಪಾಲಿಶ್, ಪೇಂಟ್

ಅರಗಿನ ಫ್ರೆಂಚ್ ಪಾಲಿಶ್ ಕುರ್ಚಿಗೆ ಸರಿ, ಅಡುಗೆಮನೆಗೆ ಅಲ್ಲ. ನೀರು, ಬಿಸಿ ತಾಗಿದರೆ ಬೆಳ್ಳಗಾಗುತ್ತದೆ. ಮರ ಕಾಣಬೇಕು ಅಂದರೆ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹಚ್ಚಿ. ಬೀಟೆ, ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಪಿಯು ಒಣಗದೆ ಅಂಟಂಟಾಗಿ ಉಳಿಯಬಹುದು. ದಪ್ಪಗೆ ಒಂದು ಕೈಗಿಂತ ತೆಳ್ಳಗೆ ಮೂರು ಕೈ ಮೇಲು, ನಡುವೆ 320ರ ಪೇಪರ್‌ನಲ್ಲಿ ಹಗುರವಾಗಿ ಒಮ್ಮೆ. ಬೆಳಿಗ್ಗೆ ಮಂಜು ಕರಗಿ ಬಿಸಿಲೇರಿದ ಮೇಲೆ ಶುರು ಮಾಡಿ, ಮಧ್ಯಾಹ್ನ ಮೂರರೊಳಗೆ ನಿಲ್ಲಿಸಿ. ಸಂಜೆಯ ತಂಪಿಗೆ ಹಸಿ ಪಾಲಿಶ್ ಸಿಗಬಾರದು. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಪ್ಲೈವುಡ್ ಬಾಗಿಲಿಗೆ ವುಡ್ ಪ್ರೈಮರ್, ಮೇಲೆ ಎರಡು ಕೈ ಎನಾಮೆಲ್. ಮೈಕಾ ಅಂಟಿಸುವುದಾದರೆ ಹೊರಗೆ 1 ಮಿಲಿಮೀಟರಿನದು, ಒಳಗೂ ತೆಳ್ಳಗಿನದೊಂದು ಇರಲಿ. ಒಂದೇ ಕಡೆ ಅಂಟಿಸಿದ ಬಾಗಿಲು ಬಾಗುತ್ತದೆ. ಪಾಲಿಶ್‌ಗೂ ಇದೇ ಮಾತು. ಎದುರಿಗೆ ಎಷ್ಟು ಕೈ ಹಚ್ಚಿದಿರೋ ಹಿಂದೆಯೂ ಅಷ್ಟೇ ಹಚ್ಚಿ. ಬಾಗಿಲಿನ ಮೇಲಂಚು, ಕೆಳಂಚು ಬಿಡಬೇಡಿ. ಪೇಂಟರುಗಳು ಬಿಡುವ ಜಾಗ ಅದೇ, ನೀರು ಹೋಗುವ ಜಾಗವೂ ಅದೇ.

ವಾಪಸ್ ಜೋಡಿಸಿದ ಮೇಲೆ

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪಿಯು ಗಟ್ಟಿಯಾಗಲು ಒಂದು ವಾರ ಬೇಕು, ಎನಾಮೆಲ್‌ಗೆ ಎರಡು ಮೂರು ವಾರ. ಅಲ್ಲಿಯವರೆಗೆ ಭಾರದ ಪಾತ್ರೆ ಇಡಬೇಡಿ, ಅಂಟಿಕೊಳ್ಳುತ್ತದೆ. ಗೋಡೆಗೆ ನೇತುಹಾಕುವ ಕಪಾಟಾದರೆ ಗೋಡೆ ಯಾವುದರದ್ದು ಅಂತ ನೋಡಿ. ಹಳೇ ಮಣ್ಣಿನ ಗೋಡೆ ಸ್ಕ್ರೂ ಹಿಡಿಯುವುದಿಲ್ಲ, ಕೆಳಗಿನಿಂದ ಕಾಲು ಕೊಟ್ಟು ನಿಲ್ಲಿಸುವುದೇ ಕ್ಷೇಮ. ಗಟ್ಟಿ ಮರದ ಬಾಗಿಲಾದರೆ ಚೌಕಟ್ಟಿನ ಜೊತೆ ಸುತ್ತಲೂ ಎರಡು ಮಿಲಿಮೀಟರ್ ಸಂದು ಇರಲಿ. ಬೇಸಿಗೆಯಲ್ಲಿ ಅದು ಜಾಸ್ತಿ ಅನ್ನಿಸುತ್ತದೆ.

ಜುಲೈಯಲ್ಲಿ ಒಂದೆರಡು ಬಾಗಿಲು ಹಿಡಿಯಬಹುದು. ಆಗ ತೋಪಡ ತೆಗೆದು ಕೀಸಲು ಹೋಗಬೇಡಿ, ಫೆಬ್ರವರಿ ಹೊತ್ತಿಗೆ ಬೆರಳು ಹೋಗುವಷ್ಟು ಸಂದು ಬಿಟ್ಟಿರುತ್ತದೆ. ಬಾಗಿಲು ಹಿಡಿಯುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಸ್ವಲ್ಪ ಜೇನುಮೇಣ ಸವರಿ ಮಳೆಗಾಲ ಕಳೆಯಿರಿ. ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬ ಮುಗಿದು ಮರ ಕುಗ್ಗಿದ ಮೇಲೆ ಗುರುತಿನ ಜಾಗದಲ್ಲಿ ಮಾತ್ರ ಒಂದು ಮಿಲಿಮೀಟರಿನಷ್ಟು ಕೀಸಿ, ಟರ್ಪೆಂಟೈನಿನಲ್ಲಿ ಮೇಣ ಒರೆಸಿ ತೆಗೆದು, ಅದೇ ದಿನ ಆ ಅಂಚಿಗೆ ಪಿಯು ಹಚ್ಚಿ ಮುಚ್ಚಿ.